ರೊವೇನಾಳ ರಕ್ತ, ಫೀನಾ ಅತ್ತೆಯ ಟೀ

ಡಾಗ್‌ಬರಿ ಕೋವ್, ನ್ಯೂಫೌಂಡ್ಲೆಂಡ್
ಮೇ 9, 2004

ರೊವೇನಾ,

ಆಶೀರ್ವಾದ ಆಮೇಲೆ. ಮೊದಲು ಉತ್ತರ ಕೊಡು. ಕಳೆದ ವಾರ ದೋಣಿಯಿಂದ ಏಡಿ ಇಳಿಸುವಾಗ ನೀನು ಧಕ್ಕೆಯ ಮೇಲೆ ತಲೆಸುತ್ತಿ ಬಿದ್ದೆಯಂತೆ. ಹೌದೋ ಅಲ್ಲವೋ?

ಈ ಸುದ್ದಿ ನನಗೆ ನಿನ್ನಿಂದ ಬರಲಿಲ್ಲ. ನಿನ್ನ ಗಂಡ ಗಾರ್ಫೀಲ್ಡ್ ಅವನ ಅಮ್ಮನಿಗೆ ಹೇಳಿ, ಆಕೆ ಇಲ್ಲಿರುವ ತನ್ನ ತಂಗಿಗೆ ಹೇಳಿ, ಆ ತಂಗಿ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಾಲ್ಕು ಜನರೆದುರು "ನಿಮ್ ರೊವೇನಾ ಈಗ ಹೆಂಗವ್ಳೆ ಫೀನಾ?" ಎಂದು ಕೇಳಿದಳು. ನಾನು ಮಳೆಯಲ್ಲಿ ನೆಂದ ಕೋಳಿಯ ಹಾಗೆ ನಿಂತೆ. ಆಮೇಲೆ "ಚೆನ್ನಾಗವ್ಳೆ, ನಿನಗಿಂತ ಚೆನ್ನಾಗವ್ಳೆ" ಎಂದು ಹೇಳಿ ಬಂದೆ. ಚರ್ಚಿನ ಮೆಟ್ಟಿಲ ಮೇಲೆ ಸುಳ್ಳು ಹೇಳಿಸಿದೆ ನನ್ನಿಂದ.

ನಿನ್ನಮ್ಮ ಹೋದಾಗ ನಿನಗೆ ಆರು ವರ್ಷ. ಆವತ್ತಿನಿಂದ ನಿನ್ನ ಹಲ್ಲುನೋವು, ಹೇನು, ಜ್ವರ ಎಲ್ಲವನ್ನೂ ನೋಡಿದ ಸೋದರತ್ತೆ ನಾನು. ಈಗ ನಿನಗೆ ಇಪ್ಪತ್ತೆಂಟಾಯಿತು ಎಂದು ನನ್ನಿಂದ ಮುಚ್ಚಿಡುವಷ್ಟು ದೊಡ್ಡವಳಾದೆಯಾ? ಬಸುರಿಯಾಗಿದ್ದರೆ ಬಾಯಿಬಿಟ್ಟು ಹೇಳು, ದೋಣಿಯಿಂದ ಇಳಿ. ಬೇರೆ ಏನಾದರೂ ಆಗಿದ್ದರೆ ಅದನ್ನೂ ಹೇಳು. ಫೋನ್ ಮಾಡಬೇಡ. ಕಿವಿಗೆ ಹಾಕಿಸಿಕೊಂಡ ಯಂತ್ರ ಫೋನಿನ ಹತ್ತಿರ ಹೋದರೆ ಹಂದಿಮರಿಯ ಹಾಗೆ ಕಿರುಚುತ್ತದೆ. ಬರೆ.

ಸಿಟ್ಟಿನಲ್ಲಿರುವ,
ಫೀನಾ ಅತ್ತೆ


ಲಿಟಲ್ ಶೋಲ್ ಹಾರ್ಬರ್
ಮೇ 20, 2004

ಪ್ರೀತಿಯ ಅತ್ತೆ,

ಬಿದ್ದದ್ದು ನಿಜ. ಬಸುರಿಯಲ್ಲ. ಬಸುರಿಯಾಗದಿರಲು ಮಾಡಿಕೊಂಡದ್ದರಿಂದಲೇ ಬಿದ್ದೆ.

ಗುಳಿಗೆ ತೆಗೆದುಕೊಂಡರೆ ನನಗೆ ಅರ್ಧತಲೆನೋವು ಬರುತ್ತಿದ್ದದ್ದು, ಕಣ್ಣೆದುರು ಮಿಂಚು ಹೊಳೆಯುತ್ತಿದ್ದದ್ದು ನಿಮಗೆ ಗೊತ್ತು. ಡಾಕ್ಟರ್ ಅದನ್ನು ನಿಲ್ಲಿಸಿದರು. ಹಾರ್ಮೋನ್ ಎಂಬ ಮಾತೇ ಬೇಡ ಎಂದು ನಾನು ಹಟ ಹಿಡಿದು ಜನವರಿಯಲ್ಲಿ ಕಾಪರ್-ಟಿ ಹಾಕಿಸಿಕೊಂಡೆ. ಅಂದಿನಿಂದ ಮುಟ್ಟು ಬಂತೆಂದರೆ ಮುಟ್ಟಲ್ಲ, ಕೊಳಾಯಿ. ಮೊದಲ ಕೆಲವು ತಿಂಗಳು ಜಾಸ್ತಿ ಹೋಗಬಹುದು ಎಂದಿದ್ದರು. ಇದು ಕಡಿಮೆಯಾಗುವ ಲಕ್ಷಣವೇ ಇಲ್ಲ.

ಮನೆಯಲ್ಲಾದರೆ ಹೇಗೋ ಆಗುತ್ತಿತ್ತು. ದೋಣಿಯಲ್ಲಿ ನಾಲ್ಕು ಗಂಡಸರು, ನಾನೊಬ್ಬಳು. ಒಮ್ಮೆ ಹೋದರೆ ನಾಲ್ಕೈದು ದಿನ ಸಮುದ್ರದಲ್ಲೇ. ಶೌಚದ ಗೂಡಿಗೆ ಬಾಗಿಲಿಲ್ಲ, ಒಂದು ಪರದೆ. ಎರಡೆರಡು ಪ್ಯಾಡ್ ಒಂದರ ಮೇಲೊಂದು ಹಾಕಿ, ಮೇಲೆ ರಬ್ಬರ್ ಚಲ್ಲಣ ಏರಿಸಿ, ಏಡಿಬುಟ್ಟಿಗಳನ್ನು ನೀರಿನಿಂದ ಮೇಲಕ್ಕೆ ಎಳೆಯುತ್ತೇನೆ. ಎರಡು ಬುಟ್ಟಿ ಎಳೆಯುವಷ್ಟರಲ್ಲಿ ಎದೆ ಡವಡವ. ಬೂಟಿನೊಳಕ್ಕೆ ಬಿಸಿಯಾಗಿ ಇಳಿದರೆ ಅದು ಸಮುದ್ರದ ನೀರಲ್ಲ ಎಂದು ನನಗೊಬ್ಬಳಿಗೇ ಗೊತ್ತು.

ನಿಮಗೊಂದು ವಿಷಯ ಹೇಳಿರಲಿಲ್ಲ. ನಮ್ಮ ದೋಣಿಯ ಯಜಮಾನ, ಸ್ಕಿಪ್ಪರ್ ಹೆಡ್ಲಿಗೆ ಮಕ್ಕಳಿಲ್ಲವಲ್ಲ. "ಇನ್ನೆರಡು ಸೀಸನ್ ನಿಂತು ತೋರ್ಸು, ಸ್ಕಿಪ್ಪರ್ ಪರೀಕ್ಷೆ ಕಟ್ಟು, ದೋಣಿ ನೀನೇ ನಡೆಸ್ಕೊಂಡು ಹೋಗುವಂತೆ" ಎಂದು ಹೋದ ವರ್ಷ ಹೇಳಿದ್ದಾನೆ. ಅಲ್ಲಿಯವರೆಗೆ ಮಗು ಬೇಡವೆಂದು ನಾನೂ ಗಾರ್ಫೀಲ್ಡೂ ಮಾತಾಡಿಕೊಂಡಿದ್ದೇವೆ. ಧಕ್ಕೆಯಲ್ಲಿ ಬಿದ್ದ ಮೇಲೆ ಹೆಡ್ಲಿ ನನ್ನನ್ನು ನೋಡುವ ನೋಟ ಬೇರೆಯಾಗಿದೆ. ಏನೂ ತಿಂದಿರಲಿಲ್ಲ ಎಂದು ಹೇಳಿದೆ. ನಂಬಲಿಲ್ಲ.

ಯಾರಿಗೂ ಹೇಳಬೇಡಿ. ಈ ಕಾಗದ ಒಲೆಗೆ ಹಾಕಿ.

ನಿಮ್ಮ
ರೊವೇನಾ


ಡಾಗ್‌ಬರಿ ಕೋವ್
ಮೇ 28, 2004

ರೊವೇನಾ,

ಒಲೆಗೆ ಹಾಕಿದೆ. ಹಾಕುವ ಮೊದಲು ಮೂರು ಸಲ ಓದಿದೆ.

ತೆಗೆಸು ಅದನ್ನು. ನಾಳೆಯೇ ತೆಗೆಸು. ಪಾಚಿ ಹತ್ತದಿರಲಿ ಎಂದು ದೋಣಿಯ ತಳಕ್ಕೆ ತಾಮ್ರದ ಬಣ್ಣ ಬಳಿಯುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಹೆಂಗಸಿನ ಹೊಟ್ಟೆಯೊಳಗೆ ತಾಮ್ರ ಇಡುವುದನ್ನು ಈಗ ಕೇಳುತ್ತಿದ್ದೇನೆ. ನೀನೇನು ದೋಣಿಯಾ? ಇದನ್ನು ಕಂಡುಹಿಡಿದ ಮಹಾನುಭಾವ ಗಂಡಸೇ ಇರಬೇಕು. ತನ್ನ ಮೂಗಿನೊಳಗೆ ಒಂದು ಮೊಳೆ ಇಟ್ಟುಕೊಂಡು ಏಡಿಬುಟ್ಟಿ ಎಳೆಯಲು ಅವನಿಗೆ ಹೇಳು.

ಹೆಡ್ಲಿಯ ದೋಣಿ ಹಾಳಾಗಿ ಹೋಗಲಿ. ದೋಣಿ ಇನ್ನೊಂದು ಸಿಗುತ್ತದೆ.

ಈ ಪತ್ರದ ಜೊತೆ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಅಂಗಡಿಯಿಂದ ತಂದ ಕಬ್ಬಿಣಾಂಶದ ಮಾತ್ರೆ ಇದೆ. ಬರಿಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಆದ್ದರಿಂದ ಕಡುಕಪ್ಪು ಟೀ ಮಾಡಿ, ಡಬ್ಬಿಹಾಲು ಚೆನ್ನಾಗಿ ಹಾಕಿ, ಅದರ ಜೊತೆ ನುಂಗು. ಮಾತ್ರೆ ಯಾವಾಗಲೂ ಟೀ ಜೊತೆ. ಸೀಸೆಯಲ್ಲಿರುವ ಮೂಸ್ ಜಿಂಕೆಯ ಮಾಂಸ ನಾನೇ ಬೇಯಿಸಿ ತುಂಬಿದ್ದು. ಗಂಡಸರಿಗೆ ಹಂಚಬೇಡ, ನೀನು ತಿನ್ನು.

ಇಲ್ಲಿ ಮಂಜುಗಡ್ಡೆ ಇನ್ನೂ ಕೊಲ್ಲಿಯ ಬಾಯಲ್ಲೇ ಕೂತಿದೆ, ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ.

ತೆಗೆಸಿದೆ ಎಂದು ಬರೆ.

ಫೀನಾ ಅತ್ತೆ


ಲಿಟಲ್ ಶೋಲ್ ಹಾರ್ಬರ್
ಜೂನ್ 27, 2004

ಅತ್ತೆ,

ತೆಗೆಸಿಲ್ಲ.

ನೀವು ಹೇಳಿದ ಹಾಗೆ ಮಾತ್ರೆ ನುಂಗುತ್ತಿದ್ದೇನೆ. ಬೆಳಿಗ್ಗೆ ಟೀ ಜೊತೆ, ರಾತ್ರಿ ಟೀ ಜೊತೆ. ನಮ್ಮ ದೋಣಿಯಲ್ಲಿ ಕೆಟಲ್ ಒಲೆಯಿಂದ ಇಳಿಯುವುದೇ ಇಲ್ಲ, ಟೀಗೇನು ಬರ. ಒಂದು ತಿಂಗಳಾಯಿತು. ಏಣಿ ಹತ್ತಿದರೆ ಇನ್ನೂ ಏದುಸಿರು. ಮುಖ ನೋಡಿ ಗಾರ್ಫೀಲ್ಡ್ "ಹಿಟ್ಟಿನ ಮೂಟೆಗೆ ಮೂಗು ಇಟ್ಟಂಗಿದೀಯ" ಎನ್ನುತ್ತಾನೆ. ಹೆಡ್ಲಿ ಹೋದ ವಾರ ನನ್ನನ್ನು ಎಳೆಯುವ ಕೆಲಸದಿಂದ ತೆಗೆದು ಏಡಿ ಬೇರ್ಪಡಿಸಲು ನಿಲ್ಲಿಸಿದ. ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ನೋವು.

ತೆಗೆಸು, ತೆಗೆಸು ಎನ್ನುತ್ತೀರಿ. ತೆಗೆಸಿದ ಮೇಲೆ? ಮಾರನೇ ತಿಂಗಳೇ ಹೊಟ್ಟೆ ಬಂದರೆ ದೋಣಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಡಾಕ್ಟರ ಹತ್ತಿರ ಹೋದರೆ ಅವರೂ ಇದನ್ನೇ ಹೇಳುತ್ತಾರೆ ಎಂಬ ಭಯಕ್ಕೆ ಹೋಗಿಲ್ಲ. ದೋಣಿ ಇನ್ನೊಂದು ಸಿಗುತ್ತದೆ ಎಂದು ಬರೆಯುವುದು ಸುಲಭ. ಹೆಂಗಸಿಗೆ ದೋಣಿ ಕೊಡುತ್ತೇನೆ ಎನ್ನುವ ಎರಡನೇ ಹೆಡ್ಲಿಯನ್ನು ಈ ತೀರದಲ್ಲಿ ತೋರಿಸಿ.

ಇನ್ನೊಂದು ಕೇಳಬೇಕು. ನಾನು ಚಿಕ್ಕವಳಿದ್ದಾಗ ಮಾವನ ಬಾಯಲ್ಲಿ ಕೇಳಿದ್ದೆ, ನೀವು ಒಂದು ಚಳಿಗಾಲವಿಡೀ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿದ್ದಿರಂತೆ. ಪಿತ್ತಕೋಶ ಎಂದಿದ್ದರು. ಪಿತ್ತಕೋಶಕ್ಕೆ ಒಂದು ಇಡೀ ಚಳಿಗಾಲ ಹಿಡಿಯುತ್ತದೆಯೇ ಅತ್ತೆ?

ರೊವೇನಾ


ಡಾಗ್‌ಬರಿ ಕೋವ್
ಜುಲೈ 25, 2004

ರೊವೇನಾ,

ನಿನ್ನ ಕಾಗದ ಓದಿ ಒಂದು ವಾರ ನಿನ್ನ ಹೆಸರೆತ್ತಲಿಲ್ಲ. ಆಮೇಲೆ ಪೆನ್ನು ಹಿಡಿದು ಚೆನ್ನಾಗಿ ಬೈದು ಬರೆದೆ. ಅದನ್ನೂ ಒಲೆಗೆ ಹಾಕಿದೆ. ಈ ಬೇಸಿಗೆಯಲ್ಲಿ ನನ್ನ ಒಲೆ ಉರಿಯುತ್ತಿರುವುದೇ ನಿನ್ನ ಕಾಗದಗಳಿಂದ.

ತಿಂಗಳಿಗೊಮ್ಮೆ ದೋಣಿಯಲ್ಲಿ ಬರುವ ನರ್ಸ್ ಪರ್ಪೆಚುವಾ ಗೊತ್ತಲ್ಲ, ಉದ್ದ ಕತ್ತಿನವಳು. ಅವಳು ಬಂದ ದಿನ ನಾನೇ ಮೊದಲು ಹೋಗಿ ಕೂತೆ. ನಿನ್ನ ಹೆಸರು ಹೇಳಲಿಲ್ಲ. ನನಗೆ ಗೊತ್ತಿರುವ ಒಬ್ಬಳಿಗೆ ಮುಟ್ಟಾದಾಗ ರಕ್ತ ಜಾಸ್ತಿ ಎಂದೆ.

"ನಿಮಗೇನಾ ಫೀನಾ ಅಜ್ಜಿ?"

"ನನಗೆ ಎಪ್ಪತ್ತೊಂದು! ನಿನ್ ತಲೆ ನೆಟ್ಟಗಿದ್ಯಾ?"

"ಮೆಲ್ಲಗೆ ಮಾತಾಡಿ, ಹೊರಗೆ ಜನ ಕೂತವ್ರೆ."

"ಮೆಲ್ಲಗೇ ಮಾತಾಡ್ತಿದೀನಿ!"

ಅವಳು ಎದ್ದು ಬಾಗಿಲು ಹಾಕಿ ಬಂದಳು. ಕಾಪರ್-ಟಿಯ ವಿಷಯ, ಗುಳಿಗೆ ಆಗದ ವಿಷಯ ಎಲ್ಲ ಹೇಳಿದೆ. ಎಷ್ಟು ಹೊತ್ತಿಗೆ ಪ್ಯಾಡ್ ತುಂಬುತ್ತದೆ, ಗಡ್ಡೆಗಡ್ಡೆಯಾಗಿ ಹೋಗುತ್ತದೆಯೇ, ಎಂದು ಕೇಳಿದಳು. ನನಗೇನು ಗೊತ್ತು? ಮಾತ್ರೆ ಏನಾದರೂ ನುಂಗುತ್ತಾಳೆಯೇ ಎಂದಳು. ಹೂಂ, ನಾನೇ ಕಳಿಸಿದ್ದು, ಕಬ್ಬಿಣದ್ದು, ಎಂದು ಎದೆ ಉಬ್ಬಿಸಿ ಹೇಳಿದೆ.

"ಯಾತರ ಜೊತೆ ನುಂಗ್ತಾಳೆ?"

"ಟೀ ಜೊತೆ. ಮತ್ತಿನ್ಯಾತರ ಜೊತೆ ನುಂಗ್ತಾರೆ? ಡಬ್ಬಿಹಾಲು ಹಾಕಿ."

ಪರ್ಪೆಚುವಾ ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡಳು. ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡೆ.

"ಅಜ್ಜಿ, ಟೀ ಆ ಕಬ್ಬಿಣಾನ ಹೊಟ್ಟೇಲೇ ಹಿಡ್ಕೊಂಬಿಡುತ್ತೆ, ಮೈಗೆ ಹತ್ತೋಕೆ ಬಿಡಲ್ಲ. ಹಾಲೂ ಅಷ್ಟೇ. ಈ ತೀರದಾಗೆ ಎಲ್ಲಾರೂ ಮಾಡೋದು ಇದೇ ತಪ್ಪು. ನಾನು ಹೇಳಿ ಹೇಳಿ ಸತ್ತೆ."

"ಹಂಗಾದ್ರೆ ಇಷ್ಟು ದಿನ ಮಾತ್ರೆ ತಗೊಂಡು ಹೋಗಿ ಸಮುದ್ರಕ್ಕೆ ಹಾಕ್ದಂಗಾ?"

"ಸಮುದ್ರಕ್ಕಾದ್ರೂ ಬಲ ಬರ್ತಿತ್ತು."

ನನ್ನೆದುರು ಹಾಗೆ ಮಾತಾಡಿದವರು ಕಡಿಮೆ. ನನಗೆ ಅವಳು ಹಿಡಿಸಿದಳು.

ಈಗ ಕಿವಿಗೊಟ್ಟು ಕೇಳು. ಮಾತ್ರೆಯನ್ನು ನೀರಿನ ಜೊತೆ ನುಂಗು, ಟೀಗಿಂತ ಒಂದೆರಡು ಗಂಟೆ ದೂರ ಇಟ್ಟು. ಜೊತೆಗೆ ಒಂದು ಚಮಚ ನಮ್ಮ ಜೌಗುನೆಲದ ಬೇಕ್‌ಆಪಲ್ ಹಣ್ಣಿನ ಜಾಮ್ ತಿನ್ನು, ಹುಳಿ ಇದ್ದರೆ ಕಬ್ಬಿಣ ಒಳಗೆ ಇಳಿಯುತ್ತದಂತೆ. ಎರಡು ಸೀಸೆ ಕಳಿಸಿದ್ದೇನೆ. ಕಾಪರ್-ಟಿಯನ್ನು ಸಿಟ್ಟಿನಲ್ಲಿ ಕಿತ್ತುಹಾಕಿಸಬೇಡ. ಮೊದಲು ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸು, ಅದು ಇದ್ದ ಜಾಗದಲ್ಲೇ ಇದೆಯೇ ನೋಡಿಸು. ಹೆಚ್ಚು ಹೋಗುವ ದಿನಗಳಲ್ಲಿ ಮಾತ್ರ ನುಂಗಿ ರಕ್ತ ಕಡಿಮೆ ಮಾಡಿಕೊಳ್ಳುವ ಮಾತ್ರೆಯೂ ಇದೆಯಂತೆ. ಅದಕ್ಕೂ ಬಗ್ಗದಿದ್ದರೆ ಕಾಪರ್-ಟಿ ಬದಲು ಇನ್ನೊಂದು ತರಹದ್ದು ಹಾಕುತ್ತಾರಂತೆ. ಅದರಲ್ಲಿ ಹಾರ್ಮೋನ್ ಇರುವುದು ನಿಜ, ಆದರೆ ಚೂರೇ ಚೂರು, ಇದ್ದಲ್ಲೇ ಕೆಲಸ ಮಾಡುತ್ತದೆ, ನಿನಗೆ ಆಗದಿದ್ದ ಗುಳಿಗೆಯಂಥದ್ದಲ್ಲ. ಮಗೂ ಆಗುವುದಿಲ್ಲ, ರಕ್ತವೂ ಕಡಿಮೆ. ಒಂದನ್ನು ತೆಗೆದ ಗಳಿಗೆಯಲ್ಲೇ ಇನ್ನೊಂದನ್ನು ಹಾಕಬಹುದು, ನಡುವೆ ಖಾಲಿ ಬಿಡಬೇಕಿಲ್ಲ. ನೀನು ಹೆದರಿದ್ದು ಅದಕ್ಕೇ ತಾನೆ.

ಇನ್ನು ನೀನು ಕೇಳಿದ್ದು. ಪಿತ್ತಕೋಶ ಅಲ್ಲ. ನನ್ನ ಪಿತ್ತಕೋಶ ಇನ್ನೂ ಇದ್ದಲ್ಲೇ ಇದೆ, ಹಂದಿಕೊಬ್ಬು ತಿಂದ ದಿನ ಗೊತ್ತಾಗುತ್ತದೆ.

ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಮೀನು ಒಣಗಿಸುವ ಅಟ್ಟಣೆ ಹತ್ತಿದವಳು. ದೊಡ್ಡವಳಾದ ಮೇಲೆ ತಿಂಗಳಲ್ಲಿ ಅರ್ಧಕ್ಕರ್ಧ ದಿನ ಕಪ್ಪು ಲಂಗ, ಕಲೆ ಕಾಣದಿರಲಿ ಎಂದು. ಎಲ್ಲರೂ ನೋಡಿದರು, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ಸಲ ಬಸುರು ನಿಂತದ್ದೂ ಉಳಿಯಲಿಲ್ಲ. ಮೂವತ್ತನಾಲ್ಕಕ್ಕೆ ಸೇಂಟ್ ಜಾನ್ಸ್‌ಗೆ ಮಲಗಿಸಿಕೊಂಡು ಹೋದಾಗ ಗರ್ಭಕೋಶ ತೆಗೆಯುವುದೊಂದೇ ದಾರಿ ಎಂದರು. ನಿನ್ನ ಮಾವ ಊರಿಗೆ ಪಿತ್ತಕೋಶ ಎಂದು ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವನು ಮನೆಯಲ್ಲೂ ಹಾಗೇ ಹೇಳತೊಡಗಿದ.

ಇದರ ಬಗ್ಗೆ ಇಷ್ಟು ಸಾಕು.

ಹೆಡ್ಲಿಗೆ ಹೇಳು. ಸುತ್ತಿಬಳಸಬೇಡ. ಅವನಾಗಿ ಊಹಿಸಿದರೆ ತಪ್ಪನ್ನೇ ಊಹಿಸುತ್ತಾನೆ. ಗಂಡಸರ ಊಹೆ ಅಷ್ಟೇ.

ಅತ್ತೆ


ಲಿಟಲ್ ಶೋಲ್ ಹಾರ್ಬರ್
ಆಗಸ್ಟ್ 30, 2004

ಪ್ರೀತಿಯ ಅತ್ತೆ,

ಅಟ್ಟಣೆಯ ವಿಷಯ ಓದಿದೆ. ಇಷ್ಟು ಸಾಕು ಎಂದಿದ್ದೀರಿ, ಹಾಗಾಗಿ ಏನೂ ಬರೆಯುವುದಿಲ್ಲ. ಮುಂದಿನ ಸಲ ಬಂದಾಗ ನಿಮ್ಮ ಪಕ್ಕ ಸ್ವಲ್ಪ ಹೊತ್ತು ಕೂರುತ್ತೇನೆ. ನೀವು ಬೈದರೂ ಏಳುವುದಿಲ್ಲ.

ಡಾಕ್ಟರ ಹತ್ತಿರ ಹೋದೆ. ರಕ್ತ ಪರೀಕ್ಷೆಯ ಫಲ ಬಂದಾಗ ಆಕೆ "ನೀವು ಇಷ್ಟು ದಿನ ನಿಂತಿದ್ದೇ ದೊಡ್ಡದು" ಎಂದರು. ಕಾಪರ್-ಟಿ ಜಾಗದಲ್ಲೇ ಇದೆ, ಬೇರೆ ಗಂಟು ಗಿಂಟು ಏನೂ ಇಲ್ಲ. ಹೆಚ್ಚು ಹೋಗುವ ದಿನಗಳಿಗೆ ಮಾತ್ರೆ ಕೊಟ್ಟರು. ಈ ತಿಂಗಳು ಅದನ್ನು ನುಂಗಿದೆ. ಕೊಳಾಯಿ ಹೋಗಿ ಮಾಮೂಲಿ ಮುಟ್ಟಿಗೆ ಬಂದಿದೆ. ಮುಂದಿನ ತಿಂಗಳು ಹಾರ್ಮೋನಿನದ್ದನ್ನು ಹಾಕಿಸಲು ದಿನ ಗೊತ್ತಾಗಿದೆ. ತೆಗೆಸಿಕೊಂಡು ಬಸುರಿಯಾಗಿ ಎಂದು ಯಾರೂ ಹೇಳಲಿಲ್ಲ. ಸುಮ್ಮನೆ ಹೆದರಿ ನಾಲ್ಕು ತಿಂಗಳು ಕಳೆದೆ.

ಹೆಡ್ಲಿಗೂ ಹೇಳಿದೆ. ಸೀಸನ್ ಮುಗಿದು ಅವನು ಅಂಗಳದಲ್ಲಿ ಏಡಿಬುಟ್ಟಿಯ ಬಲೆ ಹೆಣೆಯುತ್ತಿದ್ದ.

"ಹೆಡ್ಲಿ, ಒಂದ್ ಮಾತಿದೆ."

"ಬಿಟ್ಟೋಯ್ತೀನಿ ಅಂತ ತಾನೆ. ಗೊತ್ತಿತ್ತು."

"ಅಲ್ಲ. ನನಗೆ ಮುಟ್ಟಾದಾಗ ರಕ್ತ ವಿಪರೀತ ಹೋಗ್ತಿತ್ತು. ಅದಕ್ಕೇ ಧಕ್ಕೇಲಿ ಬಿದ್ದದ್ದು. ಈಗ ಔಷಧಿ ತಗೋತಿದೀನಿ."

ಅವನ ಕೈ ನಿಂತಿತು. ಕಿವಿಗಳು ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿದವು.

"ಅಷ್ಟೇನಾ?"

"ಅಷ್ಟೇ."

"ನಾನ್ ನೀನು ಕುಡೀತಿದೀಯ ಅಂದ್ಕೊಂಡಿದ್ದೆ ಕಣಮ್ಮ! ಆ ಪರದೆ ಹಿಂದೆ ಹೋಗಿ ಅಷ್ಟೊತ್ತು ಕೂತ್ಕೋತಿದ್ದೆ. ಬಾಟ್ಲಿ ಹುಡುಕಿ ಹುಡುಕಿ ಸಾಕಾಯ್ತು."

"ನನ್ ಚೀಲಾನೂ ಹುಡುಕಿದ್ರಾ?"

"ಹೂಂ. ಮೂಸ್ ಮಾಂಸ ಸಿಕ್ತು. ಒಂದ್ ತುಂಡು ತಿಂದೆ. ಯಾರು ಮಾಡಿದ್ದು? ಉಪ್ಪು ಸರಿಯಾಗಿತ್ತು."

ಅವನು ಬಲೆಯ ಇನ್ನೊಂದು ಗಂಟು ಬಿಗಿದ. ಆಮೇಲೆ ಅವನು ನನ್ನ ಕಡೆ ನೋಡದೆ, "ನನ್ ಹೆಂಡ್ತೀಗೂ ಹಂಗೇ ಆಗ್ತಿತ್ತು. ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ. ಏನು ಎತ್ತ ಅಂತ ನಾನ್ ಕೇಳ್ಲೇ ಇಲ್ಲ" ಎಂದ. ಮಾರನೆಯ ದಿನ ದೋಣಿಗೆ ಹೋದರೆ ಶೌಚದ ಗೂಡಿಗೆ ಹಲಗೆಯ ಬಾಗಿಲು ಬಂದಿತ್ತು. ಒಳಗಡೆ ಚಿಲಕ. ಹುಡುಗರು "ಇದ್ಯಾಕೆ ಸ್ಕಿಪ್ಪರ್, ಅರಮನೆ ಕಟ್ತಿದೀಯಾ?" ಎಂದು ರೇಗಿಸಿದರೆ "ನಿಮ್ ಮುಖ ನೋಡೋದು ತಪ್ಲಿ ಅಂತ" ಎಂದನಂತೆ.

ಮುಂದಿನ ಸೀಸನ್ನಿಗೆ ನನ್ನ ಜಾಗ ಇದೆಯೋ ಇಲ್ಲವೋ ಅವನು ಹೇಳಿಲ್ಲ. ನಾನೂ ಕೇಳಿಲ್ಲ.

ನಿಮ್ಮ
ರೊವೇನಾ


ಡಾಗ್‌ಬರಿ ಕೋವ್
ನವೆಂಬರ್ 21, 2004

ರೊವೇನಾ,

ನಿನ್ನ ಪುಟಾಣಿ ಚೀಟಿ ಬಂತು. ಅದೂ ಒಂದು ಕಾಗದವಾ? ನಾಲ್ಕು ಸಾಲು. ಹೊಸದನ್ನು ಹಾಕಿಸಿ ಎರಡು ತಿಂಗಳಾಯಿತು, ಹೆಚ್ಚೇನೂ ಹೋಗುತ್ತಿಲ್ಲ, ಆದರೆ ಬಿಟ್ಟೂ ಬಿಡದೆ ದಿನಾ ಚೂರು ಚೂರು ಕಲೆ, ಬೇಸರ ಬಂದಿದೆ, ಇದನ್ನೂ ತೆಗೆಸಿಬಿಡಲಾ ಎಂದು ಕೇಳಿದ್ದೀಯ.

ತೆಗೆಸಬೇಡ!

ಹೌದು, ಇದನ್ನು ಬರೆಯುತ್ತಿರುವುದು ಫೀನಾಳೇ. ನಗಬೇಡ. ಪರ್ಪೆಚುವಾಳನ್ನು ಕೇಳಿದೆ. ಹೊಸ ಕುದುರೆ ಮೊದಲಿಗೆ ಒದೆಯುತ್ತದೆ ಎಂದಳು. ಐದಾರು ತಿಂಗಳು ಕೊಡಬೇಕಂತೆ, ಆಮೇಲೆ ಕಡಿಮೆಯಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ನೋವು ಜೋರಾದರೆ, ಜ್ವರ ಬಂದರೆ ಮಾತ್ರ ತಡಮಾಡದೆ ಹೋಗಬೇಕು. ಅಂಥದ್ದೇನೂ ಇಲ್ಲವಲ್ಲ? ಹಾಗಾದರೆ ಹಲ್ಲು ಕಚ್ಚಿಕೊಂಡು ಇರು. ಮೂಟೆಗೆ ಮೂಗು ಇಟ್ಟ ಹಾಗಿರುವ ಮುಖ ಹೋಯಿತೇ ಎಂದು ಬರೆದಿಲ್ಲ. ಹೋಗಿದೆಯಂತೆ, ಗಾರ್ಫೀಲ್ಡ್ ಅವರಮ್ಮನಿಗೆ ಹೇಳಿದ್ದಾನೆ. ಆ ದಾರಿಯಲ್ಲಿ ಸುದ್ದಿ ನಿನ್ನ ಅಂಚೆಗಿಂತ ಬೇಗ ಬರುತ್ತದೆ.

ಹೋದ ಶನಿವಾರ ಚರ್ಚಿನ ಸಭಾಂಗಣದಲ್ಲಿ ಊಟ ಇತ್ತು. ಅಡುಗೆಮನೆಯಲ್ಲಿ ನಮ್ಮ ಪಕ್ಕದ ಮನೆಯ ಡಾರ್ಕಸಳ ಮಗಳು, ಹತ್ತೊಂಬತ್ತರ ಹುಡುಗಿ, ಆಲೂಗಡ್ಡೆ ಸುಲಿಯುತ್ತಾ ಗೋಡೆಗೆ ಒರಗಿದ್ದಳು. ಮುಖದಲ್ಲಿ ಬಣ್ಣ ಇಲ್ಲ. ಟೀ ಲೋಟ ಹಿಡಿದು ಮಾತ್ರೆ ನುಂಗಲು ಹೊರಟದ್ದನ್ನು ಕಂಡೆ. ಏನು ಮಾತ್ರೆ ಎಂದೆ. ಕಬ್ಬಿಣದ್ದು ಎಂದಳು. ಲೋಟ ಕಿತ್ತುಕೊಂಡು ನೀರು ಕೊಟ್ಟೆ. ಕೊಟ್ಟು, ಯಾಕೆ ಏನು ಎತ್ತ ಎಲ್ಲಾ ಹೇಳಿದೆ. ನಿನ್ನ ಹೆಸರೆತ್ತಲಿಲ್ಲ, ನನ್ನದೇ ಹೇಳಿದೆ, ಅಟ್ಟಣೆಯದ್ದು, ಲಂಗದ್ದು. ನನ್ನ ಮೆಲ್ಲಗಿನ ಮಾತು ಎಷ್ಟು ದೂರ ಕೇಳುತ್ತದೆ ಗೊತ್ತಲ್ಲ. ಒಳಗೆ ಬರುತ್ತಿದ್ದ ಪಾದ್ರಿ ಬಾಗಿಲಿನಿಂದಲೇ ತಿರುಗಿ ಹೋದರು. ಆದರೆ ಹೆಂಗಸರು ಒಬ್ಬೊಬ್ಬರಾಗಿ ಚಾಕು ಕೆಳಗಿಟ್ಟರು. ಊಟ ಒಂದು ಗಂಟೆ ತಡವಾಯಿತು. ಹೊರಗೆ ಕೂತ ಗಂಡಸರು ತಟ್ಟೆ ಬಡಿದರು. ಬಡಿಯಲಿ ಎಂದೆವು.

ಅತ್ತೆ


ಲಿಟಲ್ ಶೋಲ್ ಹಾರ್ಬರ್
ಏಪ್ರಿಲ್ 24, 2005

ಪ್ರೀತಿಯ ಅತ್ತೆ,

ಮೊದಲ ಯಾನ ಮುಗಿಸಿ ನಿನ್ನೆ ಬಂದೆವು. ಹೆಡ್ಲಿ ಕೊನೆಗೂ ನನ್ನ ಜಾಗದ ಬಗ್ಗೆ ಏನೂ ಹೇಳಲೇ ಇಲ್ಲ. ಹೊರಡುವ ಬೆಳಿಗ್ಗೆ ಧಕ್ಕೆಗೆ ಹೋದರೆ, ಚುಕ್ಕಾಣಿಯ ಮುಂದೆ ನನ್ನ ಎತ್ತರಕ್ಕೆ ಸರಿಯಾಗಿ ನಿಲ್ಲಲು ಒಂದು ಹಲಗೆ ಹೊಡೆದಿದ್ದ. "ನಿಂತ್ಕೋ. ಕೊಲ್ಲಿ ದಾಟಿಸು" ಎಂದು ಹೇಳಿ ಕೆಳಗೆ ಹೋದ. ಕೊಲ್ಲಿಯ ಬಾಯಿ ತುಂಬಾ ಮಂಜುಗಡ್ಡೆ. ದಾಟಿಸಿದೆ. ಆಮೇಲೆ ಎಲ್ಲರ ಜೊತೆ ಬುಟ್ಟಿಯನ್ನೂ ಎಳೆದೆ. ಏದುಸಿರಿಲ್ಲ. ರಕ್ತ ಪರೀಕ್ಷೆಯೂ ಸರಿಯಾಗಿ ಬಂದಿದೆ. ಬರುವ ಚಳಿಗಾಲದಲ್ಲಿ ಸ್ಕಿಪ್ಪರ್ ಪರೀಕ್ಷೆಯ ಮೊದಲ ಭಾಗ ಕಟ್ಟುತ್ತೇನೆ.

ಒಂದು ವಿಚಿತ್ರ. ಸಮುದ್ರದಲ್ಲಿ ಮೂರನೆಯ ದಿನ ಬ್ರೆಡ್ಡಿಗೆ ಜಾಮ್ ಸವರುವಾಗ ನೆನಪಾಯಿತು, ಪ್ಯಾಡ್ ತುಂಬಿದ ಚೀಲ ತಂದೇ ಇಲ್ಲ. ಬೆರಳು ಮಡಚಿ ನೋಡಿದರೆ ನನ್ನ ದಿನ ಬಂದು ಹೋಗಿಯೂ ಆಗಿದೆ. ಒಂದು ಚಿಕ್ಕ ಕಲೆ, ಅಷ್ಟೇ. ಅತ್ತೆ, ಮುಟ್ಟಿನ ದಿನ ಯಾವಾಗ ಎಂಬುದೇ ನನಗೆ ಮರೆತುಹೋಗಿತ್ತು.

ನಿಮ್ಮ
ರೊವೇನಾ


ಡಾಗ್‌ಬರಿ ಕೋವ್
ಮೇ 3, 2005

ರೊವೇನಾ,

ಆಶೀರ್ವಾದ.

ಮರೆತೆ ಎಂದು ಬರೆದಿದ್ದೀಯ. ಆ ಸಾಲನ್ನು ಬೆಳಿಗ್ಗೆ ಓದಿದೆ, ಕೋಳಿಗೆ ಕಾಳು ಹಾಕಿ ಬಂದು ಮತ್ತೆ ಓದಿದೆ. ಈ ಕಾಗದ ಒಲೆಗೆ ಹಾಕುವುದಿಲ್ಲ.

ಹನ್ನೆರಡರಿಂದ ಮೂವತ್ತನಾಲ್ಕರವರೆಗೆ ನಾನು ಮದುವೆ, ಮಣ್ಣು, ಕ್ರಿಸ್ಮಸ್ ಎಲ್ಲಕ್ಕೂ ಆ ದಿನ ಎಣಿಸಿಕೊಂಡೇ ಹೋದವಳು. ನಿನ್ನಪ್ಪನ ಮದುವೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತೆ. ಎಲ್ಲರೂ ಫೋಟೋಗೆ ಎದ್ದು ಹೋದರು, ನಾನು ಏಳಲಿಲ್ಲ. ಏಳುವ ಹಾಗಿರಲಿಲ್ಲ. "ಫೀನಾಗೆ ಕೊಬ್ಬು, ತಮ್ಮನ ಹೆಂಡತಿ ಕಂಡರೆ ಆಗಲ್ಲ" ಎಂದರು. ನಿನ್ನಮ್ಮನೂ ಹಾಗೆಂದೇ ನಂಬಿಕೊಂಡು ಕಣ್ಣು ಮುಚ್ಚಿದಳು. ಆ ದಿನವನ್ನು ಮರೆತು ಬದುಕಬಹುದು ಎಂದು ನನಗೆ ಗೊತ್ತೇ ಇರಲಿಲ್ಲ ಮಗಳೇ.

ಸಾಕು. ಸೀಸನ್ ಮುಗಿದ ಮೇಲೆ ಹೆಡ್ಲಿಯನ್ನು ಕೇಳಿ ಆ ದೋಣಿಯನ್ನು ಇಲ್ಲಿಗೆ ತಾ. ನೀನೇ ನಡೆಸಿಕೊಂಡು ಬರಬೇಕು, ಅವನು ಬೇಕಾದರೆ ಮೂಲೆಯಲ್ಲಿ ಕೂರಲಿ, ಊಟ ಹಾಕುತ್ತೇನೆ. ಗಾರ್ಫೀಲ್ಡನಿಗೆ ಕ್ಯಾಮೆರಾ ತರಲು ಹೇಳು. ನನ್ನ ಹತ್ತಿರ ಒಂದು ಬಿಳಿ ಲಂಗವಿದೆ, ಉಟ್ಟೇ ಇಲ್ಲ. ಅದನ್ನುಟ್ಟು ಎಲ್ಲರಿಗಿಂತ ಮುಂದೆ ನಿಲ್ಲುತ್ತೇನೆ.

ನಿನ್ನ
ಫೀನಾ ಅತ್ತೆ